ಕ್ಲ್ಯಾಂಗ್‌ನ ಪಿಜಿಒ: ಹಾರ್ಫ್‌ಬಜ್‌ಗೆ ಕನ್ನಡ ಓದಿಸದೆ ಬಿಲ್ಡ್ ಮಾಡಿದರೆ

ವೇಗಕ್ಕೆ ಒತ್ತು ಕೊಡುವ -ಒ3 ಆಯ್ಕೆ ಹಾಕಿ ಕಂಪೈಲ್ ಮಾಡಿದ ಯಾವ ಲೈಬ್ರರಿಯನ್ನೇ ತೆಗೆದುಕೊಳ್ಳಿ, ಅದರ ತುಂಬ ಕಂಪೈಲರ್‌ನ ಊಹೆಗಳೇ ಇರುತ್ತವೆ. ಈ ‘ಇಫ್’ ನಿಜವಾಗುವುದು ಹೆಚ್ಚೋ ಸುಳ್ಳಾಗುವುದು ಹೆಚ್ಚೋ, ಈ ಲೂಪು ಎರಡು ಸುತ್ತಿಗೆ ಮುಗಿಯುತ್ತದೋ ಎರಡು ಲಕ್ಷ ಸುತ್ತು ಹೊಡೆಯುತ್ತದೋ, ಈ ಫಂಕ್ಷನ್ ಪಾಯಿಂಟರ್ ಕೊನೆಗೆ ಯಾರ ಬಾಗಿಲು ತಟ್ಟುತ್ತದೋ, ಅದಕ್ಕೆ ಗೊತ್ತಿಲ್ಲ. ಕೋಡಿನ ಮುಖ ನೋಡಿ ಅಂದಾಜು ಕಟ್ಟುತ್ತದೆ, ಅಷ್ಟೇ. ಆ ಅಂದಾಜಿನ ಜಾಗದಲ್ಲಿ ಎಣಿಕೆಯನ್ನು ಕೂರಿಸುವುದು ಪಿಜಿಒ, ಅಂದರೆ ಪ್ರೊಫೈಲ್ ಆಧಾರಿತ ಆಪ್ಟಿಮೈಸೇಶನ್. ಮೊದಲು ಎಣಿಸುವ ಕೋಡನ್ನೂ ಸೇರಿಸಿ ಒಂದು ಬಿಲ್ಡ್. ಅದಕ್ಕೆ ನಿಜವಾದ ಕೆಲಸ ಕೊಟ್ಟು ಓಡಿಸಬೇಕು. ಬಂದ ಲೆಕ್ಕವನ್ನು, ಅಂದರೆ ಪ್ರೊಫೈಲನ್ನು, ಕೈಗಿಟ್ಟು ಎರಡನೇ ಬಿಲ್ಡ್.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಎಲ್‌ಎಲ್‌ವಿಎಂ ಬಳಗದ ಕ್ಲ್ಯಾಂಗ್ ಕಂಪೈಲರ್ ಜೊತೆ ಬರುವ ಪಿಜಿಒ ಸಲಕರಣೆಗಳನ್ನು. ಅಕ್ಕಪಕ್ಕ ಇಟ್ಟು ನೋಡಲು ಜಿಸಿಸಿ ಎಂಬ ಇನ್ನೊಂದು ಕಂಪೈಲರ್ ಇದೆ. ಎರಡೂ ಬಿಟ್ಟಿ, ಎರಡೂ ಮುಕ್ತ ತಂತ್ರಾಂಶ, ಹಾಗಾಗಿ ಖರ್ಚೆಂದರೆ ಬಿಲ್ಡ್ ಸಮಯ ಮತ್ತು ತಾಳ್ಮೆ. ಉದಾಹರಣೆಗೆ ಎರಡು ಲೈಬ್ರರಿ: ಅಕ್ಷರಗಳನ್ನು ಜೋಡಿಸಿ ಕೊಡುವ ಹಾರ್ಫ್‌ಬಜ್, ಮತ್ತು ಫೈಲ್ ಕುಗ್ಗಿಸುವ ಝಡ್‌ಸ್ಟ್ಯಾಂಡರ್ಡ್. ಫ್ಲ್ಯಾಗ್‌ಗಳನ್ನು, ಅಂದರೆ ಕಂಪೈಲರ್‌ಗೆ ಕೊಡುವ ಆಯ್ಕೆಗಳನ್ನು, ಬಾಯಲ್ಲಿ ಓದುವ ಹಾಗೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಒತ್ತಬೇಕೆಂದು ಬೇರೆ ಹೇಳಬೇಕಿಲ್ಲ.

ಪಿಜಿಒ ಹೊಸದೇನಲ್ಲ. 2016ರಲ್ಲಿ ವಿಂಡೋಸ್‌ನ 64 ಬಿಟ್ ಕ್ರೋಮ್ 53 ಮೈಕ್ರೋಸಾಫ್ಟ್ ಕಂಪೈಲರ್‌ನ ಪಿಜಿಒ ಬಳಸಿದಾಗ ಗೂಗಲ್ ಕೊಟ್ಟ ಲೆಕ್ಕ ಇದು: ಬ್ರೌಸರ್ ಏಳುವುದು ಶೇ 16.8, ಹೊಸ ಟ್ಯಾಬ್ ತೆರೆಯುವುದು ಶೇ 14.8, ಪುಟ ಕಾಣಿಸಿಕೊಳ್ಳುವುದು ಶೇ 5.9 ಬೇಗ. 2020ರ ಕ್ರೋಮ್ 85 ಹೊತ್ತಿಗೆ ಅದೇ ಕೆಲಸ ಕ್ಲ್ಯಾಂಗ್‌ನಿಂದ ಆಗುತ್ತಿತ್ತು, ಪುಟ ಲೋಡ್ ಶೇ 10ರವರೆಗೆ ಬೇಗ ಎಂಬ ಹೇಳಿಕೆಯೂ ಬಂತು. ಸಂಖ್ಯೆಗಳೇನೋ ಚೆನ್ನಾಗಿವೆ. ಆದರೆ ಅವು ಅಪ್ಲಿಕೇಶನ್‌ನ ಸಂಖ್ಯೆಗಳು. ಅಪ್ಲಿಕೇಶನ್ ಬರೆದವರಿಗೆ ಅದನ್ನು ಬಳಸುವವರು ಏನು ಮಾಡುತ್ತಾರೆಂದು ಒಂದು ಮಟ್ಟಿಗೆ ಗೊತ್ತಿರುತ್ತದೆ. ಲೈಬ್ರರಿ ಬರೆದವರಿಗೆ ಕರೆಯುವವರು ಯಾರೆಂಬುದೇ ಗೊತ್ತಿಲ್ಲ. ಪಿಜಿಒ ಲೈಬ್ರರಿಗೆ ಬಂದಾಗ ಎಡವುವುದೆಲ್ಲ ಬಹುಮಟ್ಟಿಗೆ ಇಲ್ಲೇ.

ಅನುಸ್ಥಾಪನೆಯಲ್ಲಿ ಒಂದೇ ಮುಳ್ಳು. ಉಬುಂಟು 24.04ರಲ್ಲಿ ಕ್ಲ್ಯಾಂಗ್ ಹಾಕಿದ ಮಾತ್ರಕ್ಕೆ ಎಲ್ಲವೂ ಬಂದಿರುತ್ತದೆ ಎಂದುಕೊಳ್ಳಬೇಡಿ. ಎಣಿಸುವ ಕೆಲಸದ ರನ್‌ಟೈಮ್ ‘ಲಿಬ್‌ಕ್ಲ್ಯಾಂಗ್-ಆರ್‌ಟಿ-18-ಡೆವ್’ ಎಂಬ ಬೇರೆ ಪ್ಯಾಕೇಜಿನಲ್ಲಿದೆ, ಫೆಡೋರಾದಲ್ಲಿ ಅದರ ಹೆಸರು ‘ಕಂಪೈಲರ್-ಆರ್‌ಟಿ’. ಅದಿಲ್ಲದಿದ್ದರೆ ಕಂಪೈಲ್ ಎಲ್ಲ ಸಲೀಸಾಗಿ ಆಗಿ, ಲಿಂಕ್ ಮಾಡುವಾಗ ಪ್ರೊಫೈಲ್ ಲೈಬ್ರರಿ ಸಿಗುತ್ತಿಲ್ಲ ಎಂದು ನಿಲ್ಲುತ್ತದೆ. ಲೆಕ್ಕ ಕೂಡಿಸುವ ‘ಎಲ್‌ಎಲ್‌ವಿಎಂ-ಪ್ರೊಫ್‌ಡೇಟಾ’ ಕೂಡ ಬೇರೆಯದು, ಎಲ್‌ಎಲ್‌ವಿಎಂ ಪ್ಯಾಕೇಜಿನದು. ಕ್ಲ್ಯಾಂಗ್ ಮತ್ತು ಇದು ಒಂದೇ ಆವೃತ್ತಿಯವಾಗಿರಬೇಕು. 18ರಲ್ಲಿ ಹುಟ್ಟಿದ ಕಚ್ಚಾ ಪ್ರೊಫೈಲನ್ನು 14ರ ಸಲಕರಣೆ ಓದುವುದಿಲ್ಲ, ‘ಆವೃತ್ತಿ ಹೊಂದುತ್ತಿಲ್ಲ’ ಎಂದು ಮುಖ ತಿರುಗಿಸುತ್ತದೆ. ಮ್ಯಾಕ್‌ನಲ್ಲಿ ‘ಎಕ್ಸ್‌ಸಿರನ್’ ಮೂಲಕ ಕರೆದರೆ ಆ ತಾಪತ್ರಯವಿಲ್ಲ.

ಮೊದಲು ಆರಿಸಬೇಕಾದದ್ದು ಎಣಿಕೆಯ ಬಗೆ. ಕ್ಲ್ಯಾಂಗ್‌ನಲ್ಲಿ ಹೆಸರು ಹತ್ತಿರಹತ್ತಿರ ಇರುವ ಎರಡು ಫ್ಲ್ಯಾಗ್‌ಗಳಿವೆ. ‘-ಎಫ್‌ಪ್ರೊಫೈಲ್-ಇನ್‌ಸ್ಟರ್-ಜನರೇಟ್’ ಮೂಲ ಕೋಡಿನ ಮಟ್ಟದಲ್ಲೇ ಎಣಿಸುತ್ತದೆ, ಟೆಸ್ಟ್ ಕವರೇಜ್ ನೋಡಲು ಅದು ಒಳ್ಳೆಯದು. ‘-ಎಫ್‌ಪ್ರೊಫೈಲ್-ಜನರೇಟ್’ ಕಂಪೈಲರ್‌ನ ಒಳಭಾಷೆಯ ಮಟ್ಟದಲ್ಲಿ ಎಣಿಸುತ್ತದೆ. ಎಲ್ಲ ಕವಲಿಗೂ ಎಣಿಕೆ ಹಾಕದೆ, ಉಳಿದವನ್ನು ಕೂಡಿ ಕಳೆದು ತಿಳಿಯಬಹುದಾದಷ್ಟು ಕಡೆ ಮಾತ್ರ ಹಾಕುತ್ತದೆ, ಹಾಗಾಗಿ ಭಾರ ಕಡಿಮೆ. ವೇಗ ಬೇಕಾದರೆ ಎರಡನೆಯದೇ ಸರಿ. ಒಂದರ ಲೆಕ್ಕವನ್ನು ಇನ್ನೊಂದರ ಜೊತೆ ಕೂಡಿಸಲು ಬರುವುದಿಲ್ಲ. ಕವರೇಜ್‌ಗೆಂದು ಇಟ್ಟಿದ್ದ ಹಳೆಯ ಸ್ಕ್ರಿಪ್ಟನ್ನೇ ಪಿಜಿಒಗೆ ಎಳೆದುಕೊಂಡು ಬಂದವರು ಸಾಮಾನ್ಯವಾಗಿ ಮೊದಲು ಬೀಳುವ ಗುಂಡಿ ಇದು.

ಹಾರ್ಫ್‌ಬಜ್ ಬಿಲ್ಡ್ ಆಗುವುದು ಮೆಸನ್ ಎಂಬ ಬಿಲ್ಡ್ ಸಲಕರಣೆಯಿಂದ, ಮೆಸನ್‌ಗೆ ಪಿಜಿಒ ಗೊತ್ತು. ‘ಸಿಸಿ’, ‘ಸಿಎಕ್ಸ್‌ಎಕ್ಸ್’ ಎರಡನ್ನೂ ಕ್ಲ್ಯಾಂಗ್‌ಗೆ ತಿರುಗಿಸಿ, ಬಿಲ್ಡ್‌ಟೈಪ್ ‘ರಿಲೀಸ್’ ಎಂದು ಬಾಯಿಬಿಟ್ಟು ಹೇಳಿ, ‘ಬಿ_ಪಿಜಿಒ=ಜನರೇಟ್’ ಕೊಟ್ಟು ಸೆಟಪ್ ಮಾಡಿ, ಮೆಸನ್ ಹೇಳಿದಂತೆ ಕಂಪೈಲರನ್ನು ಕರೆಯುವ ನಿಂಜಾ ಓಡಿಸಿ. ಆಮೇಲೆ ತರಬೇತಿ ಓಟ. ಕೊನೆಗೆ ಅದೇ ಫೋಲ್ಡರಿನಲ್ಲಿ ‘ಮೆಸನ್ ಕಾನ್ಫಿಗರ್’ ಮೂಲಕ ಅದೇ ಆಯ್ಕೆಯನ್ನು ‘ಯೂಸ್’ ಮಾಡಿ ಮತ್ತೆ ನಿಂಜಾ. ಮಧ್ಯದಲ್ಲಿ ಮೆಸನ್ ಮಾಡದ ಒಂದು ಕೆಲಸವಿದೆ, ಅದನ್ನು ಕೈಯಾರೆ ಮಾಡಬೇಕು: ಕ್ಲ್ಯಾಂಗ್ ಬರೆದ ಕಚ್ಚಾ ‘.ಪ್ರೊಫ್‌ರಾ’ ಫೈಲುಗಳನ್ನು ‘ಎಲ್‌ಎಲ್‌ವಿಎಂ-ಪ್ರೊಫ್‌ಡೇಟಾ ಮರ್ಜ್’ ಕೊಟ್ಟು ‘ಡಿಫಾಲ್ಟ್.ಪ್ರೊಫ್‌ಡೇಟಾ’ ಎಂಬ ಒಂದೇ ಫೈಲಾಗಿಸಿ, ಬಿಲ್ಡ್ ಫೋಲ್ಡರಿನ ಮೇಲ್ಮಟ್ಟದಲ್ಲೇ ಇಡುವುದು. ನಿಂಜಾ ಕಂಪೈಲರನ್ನು ಕರೆಯುವುದು ಅಲ್ಲಿಂದಲೇ, ಹೆಸರು ಹೇಳದ ‘-ಎಫ್‌ಪ್ರೊಫೈಲ್-ಯೂಸ್’ ಹುಡುಕುವುದೂ ಅಲ್ಲೇ. ಎರಡು ಬಿಲ್ಡ್‌ಗಳ ನಡುವೆ ಮ್ಯಾಕ್ರೋ ಒಂದೂ ಬದಲಾಗಬಾರದು. ‘ಅಸರ್ಟ್’ ತಪಾಸಣೆಗಳನ್ನು ತೆಗೆದುಹಾಕುವ ‘ಎನ್‌ಡಿಬಗ್’ ಮ್ಯಾಕ್ರೋ ಮೊದಲ ಸಲ ಇಲ್ಲದೆ, ಎರಡನೇ ಸಲ ಇದ್ದು ಕಂಪೈಲ್ ಮಾಡಿದರೆ ‘ಅಸರ್ಟ್’ ಇರುವ ಪ್ರತಿ ಫಂಕ್ಷನ್‌ನ ಆಕಾರವೇ ಬೇರೆಯಾಗಿ, ಲೆಕ್ಕ ಹೊಂದದೆ ಬಿದ್ದುಹೋಗುತ್ತದೆ.

ತರಬೇತಿಗೆ ಹಾರ್ಫ್‌ಬಜ್ ಜೊತೆಗೇ ಬರುವ ‘ಎಚ್‌ಬಿ-ಶೇಪ್’ ಪ್ರೋಗ್ರಾಮು ಸಾಕು. ಒಂದು ಫಾಂಟ್, ಒಂದು ಪಠ್ಯದ ಫೈಲ್, ಜೊತೆಗೆ ‘--ನಮ್-ಇಟರೇಶನ್ಸ್’. ಈ ಕೊನೆಯ ಆಯ್ಕೆಯನ್ನು ಬಿಡಬೇಡಿ. ಅದು ಜೋಡಣೆಯನ್ನು ಹೇಳಿದಷ್ಟು ಸಲ ಮಾಡಿಸಿ ಫಲಿತಾಂಶವನ್ನು ಒಮ್ಮೆ ಮಾತ್ರ ಮುದ್ರಿಸುತ್ತದೆ. ಅದರ ಬದಲು ಶೆಲ್ ಲೂಪಿನಲ್ಲಿ ಪ್ರೋಗ್ರಾಮನ್ನೇ ನೂರು ಸಲ ಓಡಿಸಿದರೆ, ಫಾಂಟ್ ತೆರೆಯುವುದು ಮತ್ತು ಗ್ಲಿಫ್ (ಫಾಂಟಿನ ಅಕ್ಷರಚಿತ್ರ) ಹೆಸರು ಮುದ್ರಿಸುವುದು ಕೂಡ ‘ಬಿಸಿ’, ಅಂದರೆ ಪದೇ ಪದೇ ಓಡುವ, ಕೋಡ್ ಎಂದು ಕಂಪೈಲರ್ ನಂಬಿಬಿಡುತ್ತದೆ. ಮುದ್ರಿಸುವ ಕೋಡಿರುವುದೂ ಲೈಬ್ರರಿಯೊಳಗೇ ಎಂಬುದು ನೆನಪಿರಲಿ. ‘ನಿಂಜಾ ಟೆಸ್ಟ್’ ಓಡಿಸಿ ಅದನ್ನೇ ತರಬೇತಿ ಎನ್ನುವುದು ಇನ್ನೂ ಕೆಟ್ಟದ್ದು. ಟೆಸ್ಟ್‌ಗಳು ಹುಡುಕುವುದು ಮೂಲೆ ಮುಡುಕನ್ನು: ಮುರಿದ ಫಾಂಟ್, ಖಾಲಿ ಬಫರ್, ತಪ್ಪು ಟೇಬಲ್. ಬಳಕೆದಾರರು ದಿನವಿಡೀ ಮಾಡುವುದು ಅದನ್ನಲ್ಲ.

ಈಗ ಕನ್ನಡದ ವಿಷಯ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಎಲ್ಲದರಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್. ಇಂಗ್ಲಿಷ್ ಪಠ್ಯಕ್ಕೆ ಅದರೊಳಗಿನ ಸಾದಾ ದಾರಿ ಸಾಕು. ಕನ್ನಡ ಹೋಗುವ ದಾರಿಯೇ ಬೇರೆ: ‘ಎಚ್‌ಬಿ-ಒಟಿ-ಶೇಪರ್-ಇಂಡಿಕ್’ ಎಂಬ ಫೈಲು. ‘ಸೂರ್ಯ’ ಎಂಬ ಪದವನ್ನೇ ನೋಡಿ. ಮೆಮೊರಿಯಲ್ಲಿ ಅದು ಐದು ಸಂಕೇತ: ಸ, ಊಕಾರದ ಚಿಹ್ನೆ, ರ, ವಿರಾಮ, ಯ. ಮೊದಲು ಅಕ್ಷರಗಳ ಗಡಿ ಗುರುತಿಸುವ ಸ್ಥಿತಿಯಂತ್ರವೊಂದು ಇದನ್ನು ‘ಸೂ’ ಮತ್ತು ‘ರ್ಯ’ ಎಂದು ಎರಡಾಗಿ ಒಡೆಯುತ್ತದೆ. ಎರಡನೆಯದರಲ್ಲಿ ಮೊದಲು ಬಂದ ರೇಫವನ್ನು ಎತ್ತಿ ಯಕಾರದ ಆಚೆಗಿಡಬೇಕು, ಅದೇ ನಮ್ಮ ಅರ್ಕಾವೊತ್ತು. ಆಮೇಲೆ ಫಾಂಟಿನ ನಿಯಮಗಳು ಒಂದೊಂದಾಗಿ: ರೇಫದ್ದು, ಒತ್ತಕ್ಷರದ್ದು, ಕೊನೆಯ ಹೊಂದಾಣಿಕೆಯದು. ನಡುವೆ ಇನ್ನೊಮ್ಮೆ ಸ್ಥಾನ ಬದಲಾವಣೆ. ‘ಕೋ’ ಬಂದರಂತೂ ಓಕಾರದ ಒಂದೇ ಚಿಹ್ನೆ ಒಡೆದು ಎತ್ವ, ಕೊಂಬು, ದೀರ್ಘ ಎಂಬ ಮೂರು ತುಂಡಾಗುತ್ತದೆ. ಇಂಗ್ಲಿಷ್ ಪಠ್ಯ ಈ ಕೋಡಿನ ಒಂದು ಸಾಲನ್ನೂ ಮುಟ್ಟುವುದಿಲ್ಲ.

ಹಾಗಾದರೆ ಬರೀ ಇಂಗ್ಲಿಷ್ ಪಠ್ಯ ಕೊಟ್ಟು ತರಬೇತಿ ಮಾಡಿದ ಹಾರ್ಫ್‌ಬಜ್‌ನಲ್ಲಿ ಏನಾಗುತ್ತದೆ? ಇಂಡಿಕ್ ದಾರಿಯ ಫಂಕ್ಷನ್‌ಗಳ ಎಣಿಕೆ ಸೊನ್ನೆ. ಸೊನ್ನೆ ಎಂದರೆ ‘ಗೊತ್ತಿಲ್ಲ’ ಅಂತಲ್ಲ, ‘ಯಾರೂ ಕರೆಯುವುದಿಲ್ಲ’ ಅಂತ. ಕ್ಲ್ಯಾಂಗ್ ಅವಕ್ಕೆ ‘ತಣ್ಣಗಿನದು’ ಎಂಬ ಚೀಟಿ ಅಂಟಿಸಿ ಬೈನರಿಯ ದೂರದ ಮೂಲೆಗೆ ಸಾಗಿಸುತ್ತದೆ. ಒಳಗೆ ಸಣ್ಣ ಫಂಕ್ಷನ್‌ಗಳನ್ನು ಹೊಲಿದು ಸೇರಿಸುವುದರಲ್ಲೂ, ಅಂದರೆ ಇನ್‌ಲೈನ್ ಮಾಡುವುದರಲ್ಲೂ, ಕೈ ಬಿಗಿ ಹಿಡಿಯುತ್ತದೆ. ಎಷ್ಟು ಬಿಗಿ ಎಂದರೆ, ಎಲ್‌ಎಲ್‌ವಿಎಂ ಇನ್‌ಲೈನರ್‌ನ ಮಾಮೂಲಿ ಮಿತಿ 225, -ಒ3ರಲ್ಲಿ 250. ಬಿಸಿ ಕರೆಗೆ ಅದು 3000ಕ್ಕೆ ಏರುತ್ತದೆ, ತಣ್ಣನೆಯದಕ್ಕೆ 45ಕ್ಕೆ ಇಳಿಯುತ್ತದೆ. ಪಿಜಿಒ ಇಲ್ಲದ ಬಿಲ್ಡ್‌ನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಮಿತಿ ಸಿಗುತ್ತಿತ್ತು. ಹೀಗೆ ಮಾಡಿದ ಪಿಜಿಒ ಬಿಲ್ಡ್‌ನಲ್ಲಿ ಕನ್ನಡ ಮೊದಲಿಗಿಂತ ಹಿಂದೆ ಬೀಳುವುದಕ್ಕೆ ಎಲ್ಲ ಕಾರಣವೂ ಇದೆ. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

‘ಸರಿ, ತರಬೇತಿಗೆ ಒಂದೆರಡು ಸಾಲು ಕನ್ನಡ ಸೇರಿಸಿದರಾಯಿತು’ ಎನ್ನಬಹುದು. ಆಗುವುದಿಲ್ಲ. ಎಲ್‌ಎಲ್‌ವಿಎಂ ಎಲ್ಲ ಎಣಿಕೆಗಳನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿಸುತ್ತದೆ. ಒಟ್ಟು ಎಣಿಕೆಯ ಶೇ 99 ತುಂಬುವವರೆಗೆ ಬಂದವು ಬಿಸಿ. ಶೇ 99.9999 ತುಂಬಿದ ಮೇಲೂ ಉಳಿದವು ತಣ್ಣಗಿನವು. ಹತ್ತು ಎಂಬಿ ಇಂಗ್ಲಿಷ್ ಪಠ್ಯದ ಜೊತೆ ಎರಡು ಸಾಲು ಕನ್ನಡ ಓಡಿಸಿದರೆ ಆ ಎರಡು ಸಾಲು ಬೀಳುವುದು ಆ ಬಾಲದಲ್ಲೇ. ಕೋಡ್ ಒಮ್ಮೆ ಓಡಿತೇ ಎಂಬುದು ಕವರೇಜ್‌ನವರ ಪ್ರಶ್ನೆ. ಪಿಜಿಒಗೆ ಬೇಕಿರುವುದು ಉಳಿದವುಗಳ ಮುಂದೆ ಎಷ್ಟು ಸಲ ಓಡಿತು ಎಂಬ ಅನುಪಾತ.

ಇದಕ್ಕೆ ಕ್ಲ್ಯಾಂಗ್ ಬಳಗ ಕೊಟ್ಟಿರುವ ಮದ್ದು ಚೆನ್ನಾಗಿದೆ, ಈ ವಿಮರ್ಶೆಯಲ್ಲಿ ಅದಕ್ಕೆ ಪೂರ್ತಿ ಅಂಕ. ಪ್ರತಿ ಲಿಪಿಗೂ ಬೇರೆ ಬೇರೆ ಓಟ ಓಡಿಸಿ. ಓಟಕ್ಕೆ ಮುಂಚೆ ‘ಎಲ್‌ಎಲ್‌ವಿಎಂ_ಪ್ರೊಫೈಲ್_ಫೈಲ್’ ಎಂಬ ಪರಿಸರ ಚರಕ್ಕೆ ಲಿಪಿಗೊಂದು ಫೋಲ್ಡರಿನ ದಾರಿ ಕೊಟ್ಟು, ಫೈಲ್ ಹೆಸರಿನಲ್ಲಿ ‘%ಎಂ’ ಇರುವಂತೆ ನೋಡಿಕೊಳ್ಳಿ. ಪ್ರತಿ ಫೋಲ್ಡರನ್ನೂ ಬೇರೆಬೇರೆಯಾಗಿ ಮರ್ಜ್ ಮಾಡಿ. ‘ಶೋ --ಡೀಟೇಲ್ಡ್-ಸಮರಿ’ ಕೊಟ್ಟರೆ ಒಂದೊಂದರ ಒಟ್ಟು ಎಣಿಕೆ ಕಾಣುತ್ತದೆ. ಕೊನೆಯ ಮರ್ಜ್‌ನಲ್ಲಿ ‘--ವೆಯ್ಟೆಡ್-ಇನ್‌ಪುಟ್’ ಬಳಸಿ ಚಿಕ್ಕದಕ್ಕೆ ತೂಕ ಹಾಕಿ: ಇಂಗ್ಲಿಷಿನ ಮೊತ್ತ ಕನ್ನಡದ್ದಕ್ಕಿಂತ ಎಂಟು ಪಟ್ಟಿದ್ದರೆ ಕನ್ನಡದ ಫೈಲಿಗೆ 8. ಪಠ್ಯದ ಗಾತ್ರ ನೋಡಿ ತೂಕ ಹಾಕಬಾರದು, ಎಣಿಕೆಯ ಮೊತ್ತ ನೋಡಿ ಹಾಕಬೇಕು, ಯಾಕೆಂದರೆ ಒಂದು ಕನ್ನಡ ಅಕ್ಷರಕ್ಕೆ ತಗಲುವ ಕೆಲಸವೇ ಹೆಚ್ಚು. ಜಗತ್ತಿನಲ್ಲಿ ಯಾವ ಲಿಪಿ ಎಷ್ಟು ಶೇಕಡಾ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾವುದೂ ಆ ತಣ್ಣನೆ ಬಾಲಕ್ಕೆ ಜಾರದಿದ್ದರೆ ಸಾಕು.

ಪಠ್ಯಕ್ಕೆ ಕನ್ನಡ ವಿಕಿಪೀಡಿಯದ ಲೇಖನಗಳು ಧಾರಾಳ. ಒತ್ತಕ್ಷರ, ಅರ್ಕಾವೊತ್ತು, ನಡುವೆ ಇಂಗ್ಲಿಷ್ ಪದ, ಅಂಕಿ ಎಲ್ಲವೂ ಸಹಜ ಪ್ರಮಾಣದಲ್ಲಿ ಸಿಗುತ್ತವೆ. ಬರೀ ಪದಪಟ್ಟಿ ಕೊಟ್ಟರೆ ಸಾಲು ಸಾಲಿಗೂ ಹೊಸ ಬಫರ್ ತೆರೆಯುವ ಕೆಲಸವೇ ಜಾಸ್ತಿಯಾಗುತ್ತದೆ. ಫಾಂಟ್ ಒಂದೇ ಸಾಲದು, ನೋಟೋ ಸ್ಯಾನ್ಸ್ ಕನ್ನಡ ಮತ್ತು ಲೋಹಿತ್ ಕನ್ನಡ ಎರಡಾದರೂ ಇರಲಿ. ಫಾಂಟ್ ಬರೆದವರು ನಿಯಮಗಳನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಒಳಗಿನ ದಾರಿ ಬದಲಾಗುತ್ತದೆ.

‘%ಎಂ’ ಬೇಕೆಂದದ್ದು ಯಾಕೆಂದರೆ, ಷೇರ್ಡ್ ಲೈಬ್ರರಿ (ಓಡುವಾಗ ಬಂದು ಸೇರುವಂಥದ್ದು) ಮತ್ತು ಅದನ್ನು ಕರೆಯುವ ಪ್ರೋಗ್ರಾಮು ಎರಡನ್ನೂ ಎಣಿಕೆಯೊಂದಿಗೆ ಬಿಲ್ಡ್ ಮಾಡಿದಾಗ ಎರಡರಲ್ಲೂ ರನ್‌ಟೈಮ್‌ನ ಒಂದೊಂದು ಪ್ರತಿ ಇರುತ್ತದೆ. ಒಂದೇ ಹೆಸರಿಗೆ ಇಬ್ಬರೂ ಬರೆದರೆ ಒಬ್ಬರ ಲೆಕ್ಕ ಇನ್ನೊಬ್ಬರ ಮೇಲೆ ಬೀಳುತ್ತದೆ. ‘%ಎಂ’ ಪ್ರತಿ ಬೈನರಿಯ ಗುರುತನ್ನು ಹೆಸರಿಗೆ ಸೇರಿಸುತ್ತದೆ, ಮತ್ತೆ ಮತ್ತೆ ಓಡಿಸಿದಾಗ ಅದೇ ಫೈಲಿಗೆ ಕೂಡಿಸುತ್ತಲೂ ಹೋಗುತ್ತದೆ. ಒಳ್ಳೆಯದೇ, ಆದರೆ ನಿನ್ನೆಯ ಓಟದ ಲೆಕ್ಕವೂ ಅದರಲ್ಲೇ ಕೂತಿರುತ್ತದೆ. ತರಬೇತಿ ಸ್ಕ್ರಿಪ್ಟಿನ ಮೊದಲ ಸಾಲು ಹಳೆಯ ಫೈಲುಗಳನ್ನು ಅಳಿಸುವುದಾಗಿರಲಿ.

ಲೈಬ್ರರಿಗಳಿಗೆ ಅಂಟಿಕೊಂಡ ಇನ್ನೊಂದು ಕಾಯಿಲೆ: ಪ್ರೊಫೈಲ್ ಬರೆಯುವುದೇ ಇಲ್ಲ. ಲೆಕ್ಕ ಫೈಲಿಗೆ ಇಳಿಯುವುದು ಪ್ರೋಗ್ರಾಮು ಸರಿಯಾಗಿ ಮುಗಿಯುವಾಗ. ‘ಕಿಲ್ -9’ ಹೊಡೆದರೆ ಏನೂ ಉಳಿಯದು. ಪೈಥಾನ್‌ನಿಂದ ಲೈಬ್ರರಿ ಕರೆದು ತರಬೇತಿ ಕೊಡುವವರು ಸಿಕ್ಕಿಬೀಳುವುದು ‘ಮಲ್ಟಿಪ್ರೊಸೆಸಿಂಗ್’ನಲ್ಲಿ: ಫೋರ್ಕ್ ಆದ ಮಕ್ಕಳು ಮುಗಿಯುವುದು ‘ಒಎಸ್._ಎಕ್ಸಿಟ್’ ಮೂಲಕ, ಅದು ಸಿ ಕಡೆಯ ವಿದಾಯದ ಕೆಲಸಗಳನ್ನೆಲ್ಲ ಹಾರಿಸಿಬಿಡುತ್ತದೆ. ನಾಲ್ಕು ಪ್ರೊಸೆಸ್ ದುಡಿದಿರುತ್ತವೆ, ಬರೀ ಕೆಲಸ ಹಂಚಿದ ತಾಯಿಯ ಲೆಕ್ಕ ಮಾತ್ರ ಕೈಗೆ ಬರುತ್ತದೆ. ತರಬೇತಿಯನ್ನು ಒಂದೇ ಪ್ರೊಸೆಸ್‌ನಲ್ಲಿ ಮಾಡುವುದು ಸರಳ ಪರಿಹಾರ. ಸರ್ವರ್‌ನಂತೆ ನಿಲ್ಲದೇ ಓಡುವುದಾದರೆ ‘__ಎಲ್‌ಎಲ್‌ವಿಎಂ_ಪ್ರೊಫೈಲ್_ರೈಟ್_ಫೈಲ್’ ಕರೆದು ಬರೆಸಬಹುದು. ಇಲ್ಲೂ ಒಂದು ಸೂಕ್ಷ್ಮವಿದೆ. ರನ್‌ಟೈಮ್‌ನ ಪ್ರತಿ ಪ್ರತಿಯೂ ತನ್ನ ಬೈನರಿಯೊಳಗೆ ಅಡಗಿರುವುದರಿಂದ, ಮುಖ್ಯ ಪ್ರೋಗ್ರಾಮಿನಿಂದ ಇದನ್ನು ಕರೆದರೆ ಮುಖ್ಯ ಪ್ರೋಗ್ರಾಮಿನ ಲೆಕ್ಕ ಮಾತ್ರ ಇಳಿಯುತ್ತದೆ. ಲೈಬ್ರರಿಯದು ಬೇಕಾದರೆ ಲೈಬ್ರರಿಯೊಳಗಿನಿಂದಲೇ ಕರೆಯಬೇಕು, ತರಬೇತಿ ಬಿಲ್ಡ್‌ಗೆಂದು ಒಂದು ಸಣ್ಣ ಫಂಕ್ಷನ್ ಹೊರಗೆ ತೆರೆದಿಟ್ಟರೆ ಸಾಕು.

ಪ್ರೋಗ್ರಾಮಿನೊಳಗೇ ಬೆರೆಯುವ ಸ್ಟ್ಯಾಟಿಕ್ ಲೈಬ್ರರಿಯಾದರೆ ಲಿಂಕ್ ಮಾಡುವವರೂ ‘-ಎಫ್‌ಪ್ರೊಫೈಲ್-ಜನರೇಟ್’ ಕೊಡಬೇಕು, ಇಲ್ಲದಿದ್ದರೆ ಕಾಣದ ಸಿಂಬಲ್‌ಗಳ ಮಳೆ. ಹಲವು ಥ್ರೆಡ್‌ಗಳಿದ್ದರೆ ಎಣಿಕೆಗಳು ಒಂದನ್ನೊಂದು ತುಳಿದು ಕಳೆದುಹೋಗುತ್ತವೆ. ‘-ಎಫ್‌ಪ್ರೊಫೈಲ್-ಅಪ್‌ಡೇಟ್=ಅಟಾಮಿಕ್’ ಹಾಕಿದರೆ ಸರಿಹೋಗುತ್ತದೆ, ತರಬೇತಿ ಓಟ ನಿಧಾನವಾಗುತ್ತದೆ, ಆಗಲಿ.

ಜಿಸಿಸಿಯ ವಿಷಯಕ್ಕೆ ಬಂದರೆ, ಫ್ಲ್ಯಾಗ್‌ಗಳ ಹೆಸರು ಅವೇ, ಸ್ವಭಾವ ಬೇರೆ. ಮರ್ಜ್ ಮಾಡುವ ಹಂತವೇ ಇಲ್ಲ. ಪ್ರತಿ ಆಬ್ಜೆಕ್ಟ್ ಫೈಲಿಗೊಂದು ‘.ಜಿಸಿಡಿಎ’ ಹುಟ್ಟಿ, ಮತ್ತೆ ಓಡಿಸಿದರೆ ಅದರೊಳಕ್ಕೇ ಕೂಡುತ್ತದೆ. ಆದರೆ ಆ ಫೈಲಿನ ವಿಳಾಸ ಬಿಲ್ಡ್ ಮಾಡುವಾಗಲೇ ಬೈನರಿಯೊಳಗೆ ಕೆತ್ತಿರುತ್ತದೆ. ಬಿಲ್ಡ್ ಒಂದು ಯಂತ್ರದಲ್ಲಿ, ತರಬೇತಿ ಇನ್ನೊಂದರಲ್ಲಿ ಆದರೆ ‘ಜಿಕೋವ್_ಪ್ರಿಫಿಕ್ಸ್’ ಮತ್ತು ‘ಜಿಕೋವ್_ಪ್ರಿಫಿಕ್ಸ್_ಸ್ಟ್ರಿಪ್’ ಚರಗಳಿಂದ ದಾರಿ ತಿರುಗಿಸಬೇಕು. ತೂಕ ಹಾಕಲು ‘ಜಿಕೋವ್-ಟೂಲ್ ಮರ್ಜ್’ ಇದೆ, ಒಂದು ಸಲಕ್ಕೆ ಎರಡೇ ಫೋಲ್ಡರ್. ಮೂಲ ಕೋಡ್ ಬದಲಾಗಿ ಪ್ರೊಫೈಲ್ ಹೊಂದದಿದ್ದರೆ ಜಿಸಿಸಿ ತಾನಾಗಿಯೇ ಎರರ್ ಎಂದು ನಿಲ್ಲುತ್ತದೆ, ಕ್ಲ್ಯಾಂಗ್ ಎಚ್ಚರಿಸಿ ಆ ಫಂಕ್ಷನ್ನಿನ ಲೆಕ್ಕವನ್ನು ಬಿಟ್ಟು ಮುಂದೆ ಹೋಗುತ್ತದೆ. ಲೆಕ್ಕವನ್ನು ಹೊರಗೆ ಬರೆಸುವ ‘__ಜಿಕೋವ್_ಫ್ಲಶ್’ ಜಿಸಿಸಿ 11ರಲ್ಲಿ ಹೋಯಿತು, ಈಗ ‘__ಜಿಕೋವ್_ಡಂಪ್’. ಹಳೆಯ ಲೇಖನ ನೋಡಿ ನಕಲು ಹೊಡೆದವರಿಗೆ ಇದು ಗೊತ್ತಾಗುವುದು ಲಿಂಕ್ ಎರರ್ ಬಂದಾಗ.

ಒಂದು ವಿಷಯದಲ್ಲಿ ಮಾತ್ರ ಜಿಸಿಸಿಯೇ ಮೇಲು. ಜಿಸಿಸಿ 10ರಿಂದ ‘-ಎಫ್‌ಪ್ರೊಫೈಲ್-ಪಾರ್ಷಿಯಲ್-ಟ್ರೇನಿಂಗ್’ ಎಂಬ ಫ್ಲ್ಯಾಗ್ ಇದೆ. ತರಬೇತಿಯಲ್ಲಿ ಒಮ್ಮೆಯೂ ಓಡದ ಫಂಕ್ಷನನ್ನು ‘ಗಾತ್ರ ಕುಗ್ಗಿಸಿದರೆ ಸಾಕು’ ಎಂದು ತಳ್ಳದೆ, ಪ್ರೊಫೈಲೇ ಇಲ್ಲದಂತೆ ಮಾಮೂಲಿಯಾಗಿ ಕಂಪೈಲ್ ಮಾಡುತ್ತದೆ. ಬೈನರಿ ದಪ್ಪಗಾಗುತ್ತದೆ, ನಿಜ. ಆದರೆ ಯಾರು ಬಳಸುತ್ತಾರೋ ಗೊತ್ತಿಲ್ಲದ ಲೈಬ್ರರಿಗೆ, ಲಿನಕ್ಸ್ ವಿತರಣೆಗೆಂದು ಪ್ಯಾಕೇಜ್ ಕಟ್ಟುವವರಿಗೆ, ಇದಕ್ಕಿಂತ ನ್ಯಾಯವಾದ ಆಯ್ಕೆ ಇಲ್ಲ.

ಜಿಸಿಸಿಯಲ್ಲಿ ಷೇರ್ಡ್ ಲೈಬ್ರರಿ ಬಿಲ್ಡ್ ಮಾಡುವವರು ಮರೆಯಬಾರದ ಇನ್ನೊಂದು ಫ್ಲ್ಯಾಗ್ ‘-ಎಫ್‌ನೋ-ಸೆಮ್ಯಾಂಟಿಕ್-ಇಂಟರ್‌ಪೊಸಿಷನ್’. ಲಿನಕ್ಸ್ ಬೈನರಿಗಳ ನಮೂನೆಯಾದ ಎಲ್ಫ್‌ನ ನಿಯಮದ ಪ್ರಕಾರ ಲೈಬ್ರರಿ ಹೊರಗೆ ತೆರೆದಿಟ್ಟ ಯಾವ ಫಂಕ್ಷನನ್ನಾದರೂ ಬೇರೆಯವರು ಓಡುವ ಹೊತ್ತಿಗೆ ಬದಲಿಸಬಹುದು. ಆ ಭಯಕ್ಕೆ ಜಿಸಿಸಿ, ಷೇರ್ಡ್ ಲೈಬ್ರರಿಗೆಂದು ಹಾಕುವ ‘-ಎಫ್‌ಪಿಐಸಿ’ ಇದ್ದಾಗ, ಅಂಥ ಫಂಕ್ಷನನ್ನು ಅದೇ ಲೈಬ್ರರಿಯೊಳಗೂ ಇನ್‌ಲೈನ್ ಮಾಡುವುದಿಲ್ಲ. ಯಾವುದು ಬಿಸಿ ಎಂದು ಪ್ರೊಫೈಲ್ ಎಷ್ಟು ಕೂಗಿದರೂ ಕೈ ಕಟ್ಟಿಹಾಕಿದೆ. ಪೈಥಾನ್ 3.10ರಲ್ಲಿ ‘--ಎನೇಬಲ್-ಆಪ್ಟಿಮೈಸೇಶನ್ಸ್’ ಜೊತೆ ಈ ಫ್ಲ್ಯಾಗೂ ಸೇರಿದ ಮೇಲೆ, ಷೇರ್ಡ್ ಲೈಬ್ರರಿಯಾಗಿ ಕಟ್ಟಿದ ಇಂಟರ್‌ಪ್ರಿಟರ್ ಶೇ 30ರವರೆಗೆ ಬೇಗವಾಯಿತೆಂದು ಅದರ ಟಿಪ್ಪಣಿಯೇ ಹೇಳುತ್ತದೆ. ಪಿಜಿಒಗೂ ಮುಂಚೆ ಇದನ್ನು ಹಾಕ್ಕೊಳ್ಳಿ. ಹೊರಗೆ ಬೇಕಿಲ್ಲದ ಸಿಂಬಲ್‌ಗಳನ್ನು ‘ವಿಸಿಬಿಲಿಟಿ=ಹಿಡನ್’ ಮಾಡುವುದು ಇನ್ನೂ ಒಳ್ಳೆಯದು, ಅದು ಕ್ಲ್ಯಾಂಗ್‌ಗೂ ಲಾಭ. ಎಲ್‌ಟಿಒ, ಅಂದರೆ ಲಿಂಕ್ ಮಾಡುವಾಗಿನ ಆಪ್ಟಿಮೈಸೇಶನ್, ಜೊತೆಗಿದ್ದರೆ ಒಂದು ಫೈಲಿನ ಬಿಸಿ ಫಂಕ್ಷನ್ ಇನ್ನೊಂದು ಫೈಲಿನ ಬಿಸಿ ಲೂಪಿನೊಳಕ್ಕೂ ಹೋಗಬಲ್ಲದು. ಕ್ಲ್ಯಾಂಗ್‌ನಲ್ಲಿ ‘-ಎಫ್‌ಎಲ್‌ಟಿಒ=ಥಿನ್’ ಸಾಕು.

ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಅದೇ ಪಾಠದ ಇನ್ನೊಂದು ಮುಖ ಕಾಣುತ್ತದೆ. ಅದರ ‘ಪ್ರೋಗ್ರಾಮ್ಸ್’ ಫೋಲ್ಡರಿನ ಮೇಕ್‌ಫೈಲಿನಲ್ಲಿ ‘ಝಡ್‌ಸ್ಟಿಡಿ-ಪಿಜಿಒ’ ಎಂಬ ಗುರಿ ಸಿದ್ಧವಾಗಿಯೇ ಇದೆ. ಅದು 19, 16, 9, 7, 5 ಮತ್ತು ಡಿಫಾಲ್ಟ್ ಮಟ್ಟಗಳಲ್ಲಿ ತನ್ನದೇ ಬೆಂಚ್‌ಮಾರ್ಕ್ ಓಡಿಸಿ ಎರಡನೇ ಬಿಲ್ಡ್ ಮಾಡುತ್ತದೆ. ಇಷ್ಟೊಂದು ಮಟ್ಟ ಯಾಕೆಂದರೆ ಡಿಫಾಲ್ಟ್ ಆದ 3ನೇ ಮಟ್ಟಕ್ಕೂ 19ಕ್ಕೂ ಹುಡುಕುವ ವಿಧಾನವೇ ಬೇರೆ, ಕೋಡೂ ಬೇರೆ. 3ರಲ್ಲಿ ಮಾತ್ರ ತರಬೇತಿ ಕೊಟ್ಟರೆ 19 ತಣ್ಣಗಾಗುತ್ತದೆ. ಇದನ್ನು ಬರೆದವರು ಬಲ್ಲವರು. ಎರಡು ಕೊರತೆ ಇವೆ. ಈ ಗುರಿ ಕಟ್ಟಿಕೊಡುವುದು ಕಮಾಂಡ್ ಲೈನ್ ಪ್ರೋಗ್ರಾಮನ್ನು, ಲೈಬ್ರರಿಯನ್ನಲ್ಲ. ಲೈಬ್ರರಿ ಬೇಕಾದವರು ಅದೇ ಫ್ಲ್ಯಾಗ್‌ಗಳನ್ನು ‘ಲಿಬ್’ ಫೋಲ್ಡರಿಗೆ ಕೈಯಾರೆ ಕೊಡಬೇಕು. ಇನ್ನು, ಫೈಲ್ ಹೇಳದಿದ್ದರೆ ಬೆಂಚ್‌ಮಾರ್ಕ್ ಓಡುವುದು ಕೃತಕವಾಗಿ ಹುಟ್ಟಿಸಿದ ದತ್ತಾಂಶದ ಮೇಲೆ. ‘ಪ್ರೊಫೈಲ್_ವಿತ್’ ಎಂಬ ಚರಕ್ಕೆ ನಿಮ್ಮ ಲಾಗ್ ಫೈಲೋ ಜೇಸನ್ನೋ ಕೊಟ್ಟರೆ ಅದರ ಮೇಲೆ ಓಡುತ್ತದೆ, ಹಾಗೇ ಮಾಡಿ.

ಪ್ರೊಸೆಸರ್ ನೋಡಿ ದಾರಿ ಆರಿಸುವ ಲೈಬ್ರರಿಗಳಲ್ಲಿ ತರಬೇತಿಯ ಯಂತ್ರವೂ ಲೆಕ್ಕಕ್ಕೆ ಬರುತ್ತದೆ. ಝಡ್‌ಸ್ಟ್ಯಾಂಡರ್ಡ್ ಪ್ರೊಸೆಸರ್‌ನಲ್ಲಿ ಬಿಎಂಐ2 ಎಂಬ ಸೂಚನೆಗಳಿದ್ದರೊಂದು ಪ್ರತಿ, ಇಲ್ಲದಿದ್ದರೊಂದು ಪ್ರತಿ ಇಟ್ಟುಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ತರಬೇತಿ ಕೊಟ್ಟರೆ ಹಳೆಯ ಯಂತ್ರದ ಪ್ರತಿ ತಣ್ಣಗೆ. ಬಿಸಿ ಲೂಪನ್ನು ಕೈಯಲ್ಲೇ ಅಸೆಂಬ್ಲಿಯಲ್ಲಿ ಬರೆದಿರುವ ಕಡೆಯಂತೂ, ವಿಡಿಯೋ ಡಿಕೋಡರ್ ಡೇವ್1ಡಿ, ಓಪನ್‌ಎಸ್‌ಎಸ್‌ಎಲ್‌ನ ಸೈಫರ್‌ಗಳು, ಇಲ್ಲೆಲ್ಲ ಪಿಜಿಒಗೆ ಕೆಲಸವೇ ಇಲ್ಲ. ಕಂಪೈಲರ್ ಆ ಸಾಲುಗಳನ್ನು ಮುಟ್ಟುವುದೇ ಇಲ್ಲ. ಪಿಜಿಒ ಹೊಳೆಯುವುದು ಕವಲು ಹೆಚ್ಚಿರುವ ಕೋಡಿನಲ್ಲಿ: ಪಾರ್ಸರ್, ಇಂಟರ್‌ಪ್ರಿಟರ್, ಡೇಟಾಬೇಸ್, ಅಕ್ಷರ ಜೋಡಣೆ.

ಅಳೆಯುವಾಗ ಮೋಸ ಹೋಗುವುದು ಸುಲಭ. ಹೋಲಿಕೆಗೆ ಇಡುವ ಬಿಲ್ಡ್‌ನಲ್ಲೂ ಅದೇ ಕಂಪೈಲರ್, ಅದೇ -ಒ3, ಅದೇ ಎಲ್‌ಟಿಒ ಇರಬೇಕು. ಇಲ್ಲದಿದ್ದರೆ ಎಲ್‌ಟಿಒದ ಗಳಿಕೆಯನ್ನು ಪಿಜಿಒ ಖಾತೆಗೆ ಬರೆದಂತೆ. ತರಬೇತಿಗೆ ಕೊಟ್ಟ ಪಠ್ಯದಲ್ಲೇ ಪರೀಕ್ಷೆ ಮಾಡಬಾರದು. ‘ಟಾಸ್ಕ್‌ಸೆಟ್’ ಹಾಕಿ ಒಂದೇ ಕೋರಿಗೆ ಕಟ್ಟಿ, ಪ್ರೊಸೆಸರ್ ವೇಗ ನಿರ್ಧರಿಸುವ ಗವರ್ನರನ್ನು ‘ಪರ್ಫಾರ್ಮೆನ್ಸ್’ಗೆ ತಿರುಗಿಸಿ, ಲಿನಕ್ಸ್‌ನ ಅಳತೆ ಸಲಕರಣೆ ‘ಪರ್ಫ್ ಸ್ಟ್ಯಾಟ್ -ಆರ್ 20’ ಕೊಟ್ಟು, ಸಮಯದ ಜೊತೆ ತಪ್ಪಿದ ಬ್ರಾಂಚ್‌ಗಳು ಮತ್ತು ಎಲ್1 ಸೂಚನಾ ಕ್ಯಾಶ್‌ನ ತಪ್ಪುಗಳನ್ನೂ ನೋಡಿ. ಸಮಯ ಇಳಿದು ಇವೆರಡೂ ಇದ್ದಲ್ಲೇ ಇದ್ದರೆ ಗಳಿಕೆ ಬಂದದ್ದು ಬೇರೆ ಎಲ್ಲಿಂದಲೋ ಎಂದು ಅನುಮಾನಿಸಿ. ಚಿಕ್ಕ ಬೆಂಚ್‌ಮಾರ್ಕ್ ಪೂರ್ತಿ ಕ್ಯಾಶ್‌ನಲ್ಲೇ ಕೂರುವುದರಿಂದ ಕೋಡ್ ಜೋಡಣೆಯ ಲಾಭವನ್ನು ಅದು ತೋರಿಸುವುದೇ ಇಲ್ಲ.

ಎಣಿಸುವ ಬಿಲ್ಡ್ ಓಡಿಸಲು ಜಾಗವಿಲ್ಲ, ಇರುವುದೆಲ್ಲ ಓಡುತ್ತಿರುವ ಸರ್ವರ್ ಎಂದಾದರೆ ಸ್ಯಾಂಪಲ್ ಆಧಾರಿತ ದಾರಿ ಇದೆ. ಗೂಗಲ್‌ನ ಆಟೋಎಫ್‌ಡಿಒ ‘ಪರ್ಫ್ ರೆಕಾರ್ಡ್ -ಬಿ’ ಕೊಟ್ಟ ಬ್ರಾಂಚ್ ದಾಖಲೆಗಳಿಂದಲೇ ಪ್ರೊಫೈಲ್ ಕಟ್ಟುತ್ತದೆ. ಎಣಿಕೆಯ ಪಿಜಿಒ ಕೊಡುವ ಗಳಿಕೆಯಲ್ಲಿ ಶೇ 85ರಷ್ಟು ಇದರಿಂದ ಸಿಗುತ್ತದೆ ಎಂದು 2016ರ ಅವರ ಪ್ರಬಂಧ ಹೇಳಿತು. ಲಿನಕ್ಸ್ ಕರ್ನಲ್ ಕೂಡ 6.13ರಿಂದ ಇದನ್ನು ಒಪ್ಪಿಕೊಂಡಿದೆ. ಪ್ರೊಸೆಸರ್‌ನಲ್ಲಿ ಬ್ರಾಂಚ್ ದಾಖಲೆಯ ಸೌಲಭ್ಯ ಬೇಕು, ಬಾಡಿಗೆಯ ವರ್ಚುವಲ್ ಯಂತ್ರಗಳಲ್ಲಿ ಅದು ಹಲವು ಕಡೆ ಕೈಗೆ ಸಿಗುವುದಿಲ್ಲ. ಬೋಲ್ಟ್ ಎಂಬುದು ಲಿಂಕ್ ಆದ ಬೈನರಿಯನ್ನೇ ಮರುಜೋಡಿಸುತ್ತದೆ, ಲಿಂಕ್ ಮಾಡುವಾಗ ‘--ಎಮಿಟ್-ರಿಲಾಕ್ಸ್’ ಕೊಟ್ಟಿರಬೇಕು. ಪಿಜಿಒ, ಎಲ್‌ಟಿಒ ಎರಡೂ ಆದ ಮೇಲೂ ಜಿಸಿಸಿ ಮತ್ತು ಕ್ಲ್ಯಾಂಗ್ ಬೈನರಿಗಳಲ್ಲಿ ಅದು ಶೇ 20.4ರವರೆಗೆ ಹಿಂಡಿದ ಲೆಕ್ಕ 2019ರ ಪ್ರಬಂಧದಲ್ಲಿದೆ. ಆದರೆ ಕಂಪೈಲರ್‌ನಂಥ ದೈತ್ಯ ಬೈನರಿಗೆ ಸಿಕ್ಕಿದ್ದು ಪುಟ್ಟ ಲೈಬ್ರರಿಗೆ ಸಿಗುತ್ತದೆಂದು ಹಾರಾಡಬೇಡಿ.

ಬಿಲ್ಡ್‌ಗಳ ನಡುವೆ ಪ್ರೊಫೈಲನ್ನು ಉಳಿಸಿಕೊಳ್ಳುವ ಬಗ್ಗೆ. ಪ್ರತಿ ಬಿಲ್ಡ್‌ಗೂ ಹೊಸದಾಗಿ ತರಬೇತಿ ಕೊಟ್ಟರೆ ಎರಡು ಬಿಲ್ಡ್ ಬೈಟ್ ಬೈಟ್ ಒಂದೇ ಆಗಿರುವುದಿಲ್ಲ, ಥ್ರೆಡ್‌ಗಳಿದ್ದರೆ ಖಂಡಿತ ಇಲ್ಲ. ಮರ್ಜ್ ಆದ ‘.ಪ್ರೊಫ್‌ಡೇಟಾ’ವನ್ನು ಮೂಲ ಕೋಡಿನ ಜೊತೆಗೇ ರೆಪೋದಲ್ಲಿ ಇಡುವುದು ವಾಸಿ. ಕಚ್ಚಾ ಫೈಲಿನಂತಲ್ಲದೆ ಇದನ್ನು ಮುಂದಿನ ಆವೃತ್ತಿಯ ಎಲ್‌ಎಲ್‌ವಿಎಂ ಓದುತ್ತದೆ. ಮರ್ಜ್‌ಗೆ ‘-ಟೆಕ್ಸ್ಟ್’ ಕೊಟ್ಟರೆ ಓದಬಹುದಾದ ಪಠ್ಯವಾಗಿಯೇ ಸಿಗುತ್ತದೆ, ಗಿಟ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕೋಡ್ ಬದಲಾದಂತೆ ‘ಹ್ಯಾಶ್ ಹೊಂದುತ್ತಿಲ್ಲ’ ಎಂಬ ಎಚ್ಚರಿಕೆಗಳು ‘-ಡಬ್ಲ್ಯೂಬ್ಯಾಕೆಂಡ್-ಪ್ಲಗಿನ್’ ಹೆಸರಿನಲ್ಲಿ ಬರತೊಡಗುತ್ತವೆ. ಲಾಗ್ ಸ್ವಚ್ಛವಾಗಿರಲಿ ಎಂದು ಅವನ್ನು ಮುಚ್ಚಿಹಾಕುವವರೇ ಹೆಚ್ಚು. ಮುಚ್ಚಬೇಡಿ, ಎಣಿಸಿ. ಜೊತೆಗೆ ಪ್ರತಿ ಬಿಡುಗಡೆಗೂ ಮುಂಚೆ ‘ಎಲ್‌ಎಲ್‌ವಿಎಂ-ಪ್ರೊಫ್‌ಡೇಟಾ ಶೋ --ಫಂಕ್ಷನ್=ಇಂಡಿಕ್ --ಕೌಂಟ್ಸ್’ ಎಂಬ ಒಂದು ಸಾಲು ಓಡಿಸಿ. ಹೆಸರಿನಲ್ಲಿ ಆ ತುಣುಕಿರುವ ಫಂಕ್ಷನ್‌ಗಳೆಲ್ಲ ಎಣಿಕೆಯ ಸಮೇತ ಬರುತ್ತವೆ. ಅಲ್ಲಿ ಸೊನ್ನೆಗಳು ಸಾಲುಗಟ್ಟಿದ್ದರೆ ಬಿಡುಗಡೆ ನಿಲ್ಲಿಸಿ, ತರಬೇತಿ ಸ್ಕ್ರಿಪ್ಟ್ ತೆರೆದು ಕನ್ನಡದ ಫೈಲಿನ ದಾರಿ ಸರಿಯಿದೆಯೇ ಎಂದು ಮೊದಲು ನೋಡಿ. ಪಠ್ಯದ ಫೈಲ್ ಸಿಗದೆ ‘ಎಚ್‌ಬಿ-ಶೇಪ್’ ಎರರ್ ಕೊಟ್ಟು ನಿಂತರೂ ಪ್ರೊಫೈಲ್ ಮಾತ್ರ ಬರೆದೇ ಹೋಗಿರುತ್ತದೆ.